ಬಾಗಿಲು ಮುಚ್ಚಿದರೆ ಗುಡಿಸು

ನನ್ನ ಹೆಂಡತಿಯ ಎಡಗಣ್ಣು ಹೋಗಿದ್ದು ಯಾರಿಂದ ಎಂದು ಕೊಟ್ಟೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ, ಬೆರಳು ನನ್ನ ಅಂಗಡಿಯ ಕಡೆಗೇ ತೋರಿಸುತ್ತಾರೆ. "ದುಡಿಮಿ ದುಡಿಮಿ ಅಂತ ಹೆಂಡ್ತಿ ಕಣ್ಣು ಕಳದ ನೋಡಪಾ" ಎನ್ನುತ್ತಾರೆ. ಎನ್ನಲಿ. ನಾನೂ ಇಷ್ಟು ದಿನ ಹೂಂಗುಟ್ಟಿಕೊಂಡೇ ಬಂದಿದ್ದೇನೆ. ಈಗ ಬರೆಯಲು ಕೂತದ್ದು ಅವರ ಬಾಯಿ ಮುಚ್ಚಿಸಲಿಕ್ಕಲ್ಲ. ನಡೆದದ್ದು ನಡೆದ ಹಾಗೆ ಎಲ್ಲಾದರೂ ಒಂದು ಕಡೆ ಇರಲಿ ಎಂದು, ಅಷ್ಟೇ.

ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರು, ಫ್ಯಾನು, ಮಿಕ್ಸಿಗಳನ್ನು ಬಿಚ್ಚಿ, ಒಳಗಿನ ಕರಕಲು ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಅವಳು ಹಗರಿಬೊಮ್ಮನಹಳ್ಳಿ ತಾಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ತಂಬ್ರಹಳ್ಳಿ ಕಡೆಯ ಬೆಳಗಿನ ಬಸ್ಸಿಗೆ ಹೋದರೆ ಬರುವುದು ಸಂಜೆ. ಒಬ್ಬಳೇ ಮಗಳನ್ನು ಹಿರೇಹಡಗಲಿಗೆ ಕೊಟ್ಟಿದ್ದೇವೆ. ಹಾಗಾಗಿ ಮನೆಯಲ್ಲಿ ಹಗಲು ಹೊತ್ತು ಬೀಗವೇ ಯಜಮಾನ.

ಅವಳ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸೂರ್ಯಗ್ರಹಣದ ದಿನ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದರೆ, ಈಕೆ ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಕೂಡಿಸಿ, ನಾನು ಕೊಟ್ಟೂರಿನಿಂದ ಕಟ್ಟಿಸಿಕೊಟ್ಟ ಮಿರ್ಚಿ ಮಂಡಕ್ಕಿ ಹಂಚಿ, ಎಲ್ಲರಿಗಿಂತ ಮೊದಲು ತಾನೇ ಬಾಯಿಗೆ ಹಾಕಿಕೊಂಡಳು. ಊರಿನವರು ಜಗಳಕ್ಕೆ ಬಂದರು. "ನಿಮ್ಮ ಹುಡುಗ್ರಿಗೆ ನಾಳಿ ಹೊಟ್ಟಿ ನೋವು ಬಂದ್ರ ನಂಗ ಬೈರಿ. ಬರ್ಲಿಲ್ಲ ಅಂದ್ರ ಮುಂದಿನ ಗ್ರಹಣಕ್ಕ ನೀವೂ ಬರ್ರಿ, ನಿಮಗೂ ಮಿರ್ಚಿ ಐತಿ" ಅಂದಳಂತೆ. ಬೆಕ್ಕು ಅಡ್ಡ ಹೋದರೆ "ಪಾಪ, ಅದಕ್ಕೂ ಏನೋ ಕೆಲಸ ಇರ್ತೈತಿ" ಎನ್ನುವವಳು. ನಾನು ಅಂಗಡಿಗೆ ಅಮಾವಾಸ್ಯೆಗೊಮ್ಮೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವವನು. ಅದನ್ನು ಕಂಡರೆ ಆಕೆಗೆ ನಗು. "ಎಲ್ಲಾರ ಮೋಟರ್ ಸುಟ್ಟು ನಿಮ್ಮ ಅಂಗಡಿಗೇ ಬರ್ಲಿ ಅಂತ ಕಟ್ಟೀರೇನ್ರಿ?" ಎಂದು ಗಿರಾಕಿಗಳ ಎದುರಿಗೇ ಕೇಳಿ ನನ್ನ ಮರ್ಯಾದೆ ತೆಗೆಯುತ್ತಿದ್ದಳು.

ಅವಳ ಶಾಲೆಗೆ ರೋಬೋಗಳ ಪೆಟ್ಟಿಗೆ ಬಂದ ಮೇಲೆ ನಮ್ಮ ಮನೆಯ ಮಾತೇ ಬದಲಾಯಿತು. ಅಡುಗೆ, ಸಂತೆ, ನೆಂಟರು ಎಲ್ಲ ಹಿಂದೆ ಬಿದ್ದು ಬರೀ ಅದೇ. ಮಂಡಿಯೆತ್ತರದ ಯಂತ್ರ, ಕೆಳಗೆ ಗಾಲಿ, ಮುಂದೆ ಒಂದು ಕೈ, ತಲೆಯಲ್ಲಿ ಎರಡು ದೀಪ. ಲ್ಯಾಪ್‌ಟಾಪಿನಲ್ಲಿ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಅದೇ ಅದಕ್ಕೆ ಅಪ್ಪಣೆ. ಇಂಥದ್ದು ಆದರೆ ಇಂಥದ್ದು ಮಾಡು. ಮುಂದೆ ಗೋಡೆ ಬಂದರೆ ತಿರುಗು, ಯಾರಾದರೂ ಒಳಗೆ ಬಂದರೆ ನಮಸ್ಕಾರ ಅನ್ನು. ಎಮ್ಮೆ ಕಾಯುವ ಮನೆಯ ಹುಡುಗಿಯರು ಕೂತು ಅದಕ್ಕೆ ಚಾಕ್ ಡಬ್ಬಿ ಹೊತ್ತುಕೊಂಡು ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ಹೋಗುವುದನ್ನು ಕಲಿಸಿದರು. ಅವತ್ತು ಆಕೆ ಮನೆಗೆ ಬಂದು ಚಪ್ಪಲಿ ಸಹ ಬಿಡದೆ ಅಡುಗೆಮನೆಯಲ್ಲಿ ನಿಂತು ಅದನ್ನು ಹೇಳಿದಳು. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ತಂದುಕೊಂಡಳು.

ಇಂಥವನ್ನೇ ಮನೆಗಳಿಗೂ ಆಫೀಸುಗಳಿಗೂ ಮಾರುವ ಒಬ್ಬ ಹುಡುಗಿ ಹೊಸಪೇಟೆಯಲ್ಲಿದ್ದಾಳೆ, ಈಕೆಯ ಹಳೆಯ ವಿದ್ಯಾರ್ಥಿನಿ. ಅವಳು ಒಂದು ದಿನ ಒಂದು ರೋಬೋವನ್ನು ತಂದು "ಮೇಡಂ, ಇದು ನಿಮ್ಮ ಮನಿಗೆ" ಎಂದು ಇಟ್ಟು ಹೋದಳು. ಮೊದಲು ಅದು ನನ್ನ ಅಂಗಡಿಗೆ ಬಂತು. ಪಾನಾ ತಾ ಎಂದರೆ ಪಾನಾ, ಕಟಿಂಗ್ ಪ್ಲೇಯರ್ ತಾ ಎಂದರೆ ಅದು. ಅದರೊಳಗಿನ ಕನ್ನಡ ಮಾತ್ರ ರೇಡಿಯೋದವರ ಹಾಗೆ. "ದಯವಿಟ್ಟು ಆಸೀನರಾಗಿ" ಎಂದಿತು ಒಬ್ಬ ರೈತನಿಗೆ. ಆತ ಗಾಬರಿಯಾಗಿ ಟವೆಲ್ಲು ಹೆಗಲಿನಿಂದ ತೆಗೆದು ನಿಂತೇ ಬಿಟ್ಟ. ನಾನು ನಕ್ಕು ನಕ್ಕು ಸತ್ತೆ. ಆಗ ಆಕೆ ಅದರ ಮಾತನ್ನೆಲ್ಲ ಅಳಿಸಿ ತನ್ನದೇ ದನಿ ತುಂಬಿದಳು. "ಬರ್ರಿ, ಕುಂದ್ರಿ, ನೀರು ಬೇಕೇನ್ರಿ?" ಅದೇ ದನಿ, ಅದೇ ಗದರಿಕೆ.

"ಮನ್ಯಾಗ ಒಬ್ಬಾಕಿ ಸಾಲದು ಅಂತ ಅಂಗಡ್ಯಾಗೂ ಒಬ್ಬಾಕೀನ ತಂದಿಟ್ಟೀಯಲ್ಲೇ" ಅಂದೆ.

"ನಿಮಗ ನಾದಿನಿ ಇರ್ಲಿಲ್ಲ ಅಂತ ಕೊರಗ್ತಿದ್ರಲ್ಲ, ಇಟಗೋರಿ."

ಅವತ್ತಿನಿಂದ ಅದಕ್ಕೆ ನಮ್ಮಿಬ್ಬರ ನಡುವೆ ನಾದಿನಿ ಎಂದೇ ಹೆಸರು. ಆದರೆ ಅಂಗಡಿಯ ತಾಮ್ರದ ಚೂರು, ಗ್ರೀಸು ಗಾಲಿಗೆ ಸಿಕ್ಕಿ ಮೇಲಿಂದ ಮೇಲೆ ನಿಲ್ಲತೊಡಗಿತು. "ನನ್ನ ತಂಗೀನ ಹಾಳ್ಮಾಡ್ತೀರಿ" ಎಂದು ಮನೆಗೆ ಎತ್ತಿಕೊಂಡು ಹೋದಳು.

ಮನೆಯಲ್ಲಿ ಅದಕ್ಕೆ ಏನು ಕೆಲಸ? ಆಕೆಗೆ ಜೀವಮಾನದಲ್ಲಿ ಬೇಸರ ತರುವ ಕೆಲಸ ಒಂದೇ ಒಂದು, ಕಸ ಗುಡಿಸುವುದು. ಅನ್ನ ಮಾಡಿಯಾಳು, ರೊಟ್ಟಿ ಬಡಿದಾಳು, ಬಟ್ಟೆ ಒಗೆದಾಳು. ಕಸಬರಿಗೆ ಹಿಡಿದಳೋ ಮುಖ ಗಂಟಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ನನ್ನ ತಾಯಿ ಇದಕ್ಕಾಗಿ ಎಷ್ಟೋ ಮಾತಾಡಿದ್ದುಂಟು. ಸೋಮಾರಿತನ ಅಂತಲೇ ನಾನೂ ತಿಳಿದಿದ್ದೆ. ಸೋಮಾರಿತನವೋ ಏನೋ, ನಾದಿನಿ ಬಂದ ಮೇಲೆ ಆ ಕೆಲಸ ಅದರ ಪಾಲಾಯಿತು. ಹಳೆಯ ಕಾರಿನ ವೈಪರ್ ಮೋಟರು ತೆಗೆದು, ಅದಕ್ಕೆ ಬ್ರಷ್ಷು ಕಟ್ಟಿ, ಕೆಳಗೆ ಕಸ ಹಿಡಿಯುವ ತಟ್ಟೆ ಕೂಡಿಸಿಕೊಟ್ಟವನು ನಾನು. ಬೀಗ ಬಿದ್ದದ್ದು ಅದಕ್ಕೆ ತಿಳಿಯಲೆಂದು ಬಾಗಿಲ ಚೌಕಟ್ಟಿಗೆ ಒಂದು ಸಣ್ಣ ಅಯಸ್ಕಾಂತದ ಸ್ವಿಚ್ಚು ಬಡಿದವನೂ ನಾನೇ. ಅಪ್ಪಣೆ ಜೋಡಿಸಿದ್ದು ಆಕೆ. ಬಾಗಿಲು ಮುಚ್ಚಿದರೆ, ಹೊರಗಿನಿಂದ ಬೀಗ ಬಿದ್ದರೆ, ಸ್ವಲ್ಪ ಹೊತ್ತು ಕಾದು, ಒಳಕೋಣೆಯಿಂದ ಹೊಸ್ತಿಲ ತನಕ ಗುಡಿಸು. ಗುಡಿಸುವಾಗ ಅದು ಆಕೆಯ ದನಿಯಲ್ಲಿ ಕೂಗಬೇಕು, "ಕಸ ಹೊಡಿಯಾಕತ್ತೀನಿ, ಕಾಲು ಸರಸ್ರಿ!" ಬೀಗ ಹಾಕಿದ ಮನೆಯಲ್ಲಿ ಯಾರ ಕಾಲು ಎಂದು ನಾನು ಕೇಳಿದ್ದಕ್ಕೆ, "ನೀವು ಯಾವತ್ತಾರ ಮಲಗಿರ್ತೀರಿ, ನಾ ಮರತು ಬೀಗ ಹಾಕಿರ್ತೀನಿ" ಅಂದಳು. ಏನು ಹೇಳಬೇಕು ಇಂಥವಳಿಗೆ.

ಸಂಜೆ ಬೀಗ ತೆಗೆದರೆ ಮನೆ ಕನ್ನಡಿಯ ಹಾಗಿರುತ್ತಿತ್ತು. ಹೀಗೇ ಎಷ್ಟೋ ತಿಂಗಳು ಹೋದವು. ಆಕೆ ಬಸ್ ಸ್ಟ್ಯಾಂಡು ಮುಟ್ಟಿರುತ್ತಿದ್ದಳು, ನಾನು ಅಂಗಡಿಯ ಶಟರ್ ಎತ್ತುತ್ತಿದ್ದೆ, ಅದು ನಮ್ಮ ಹಿಂದೆ ಗುಡಿಸುತ್ತಿತ್ತು. ಇದರಲ್ಲಿ ಏನು ತಪ್ಪಿದೆ ಎಂದು ನಮಗಿಬ್ಬರಿಗೂ ಹೊಳೆಯಲೇ ಇಲ್ಲ. ನಮ್ಮ ಕಡೆ ಯಾರಾದರೂ ಮನೆಯಿಂದ ಹೊರಟರೆ ಅವರ ಬೆನ್ನಿಗೆ ಕಸ ಗುಡಿಸುವುದಿಲ್ಲ. ಅವರು ಓಣಿ ದಾಟಿ, ಹೊತ್ತು ಕಳೆದ ಮೇಲೆಯೇ ಕಸಬರಿಗೆ ಮುಟ್ಟಬೇಕು. ಬೆನ್ನ ಹಿಂದೆಯೇ ಗುಡಿಸುವುದು ಮನೆಯಿಂದ ಹೆಣ ಎತ್ತಿದಾಗ ಮಾತ್ರ. ಇದನ್ನು ಯಾರೂ ಕಲಿಸುವುದಿಲ್ಲ, ಹುಟ್ಟಿದಾಗಿನಿಂದ ಕೈಗೇ ಗೊತ್ತಿರುತ್ತದೆ. ಕಸಬರಿಗೆ ನಮ್ಮ ಕೈಯಲ್ಲಿ ಇದ್ದಿದ್ದರೆ ಕೈ ತಾನಾಗಿಯೇ ತಡೆಯುತ್ತಿತ್ತು. ಅದು ಯಂತ್ರದ ಕೈಗೆ ಹೋಗಿತ್ತು, ನಮಗೆ ಮರೆತುಹೋಗಿತ್ತು.

ಒಂದು ದಿನ ಆಕೆ ಬೋರ್ಡಿನ ಮೇಲೆ ಬರೆಯುತ್ತಿರುವಾಗ ಎಡಗಣ್ಣಿನ ಮೂಲೆಯಲ್ಲಿ ಮಿಂಚು ಹೊಡೆದಂತಾಯಿತಂತೆ. ಆಮೇಲೆ ನೊಣ ಹಾರಿದ ಹಾಗೆ ಕಪ್ಪು ಚುಕ್ಕೆಗಳು. ನನಗೆ ಹೇಳಿದವಳು ಆಕೆಯೇ, ಪಾಠ ಹೇಳುವ ಹಾಗೆ ಹೇಳಿದಳು. "ಕಣ್ಣಿನ ಹಿಂದ ಒಂದು ಪರದಿ ಇರ್ತೈತ್ರಿ. ಅದು ಗ್ವಾಡಿ ಬಿಟ್ಟು ಏಳಾಕತ್ತೈತಿ ಅನಸ್ತೈತಿ." ಹರಪನಹಳ್ಳಿಯ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಅವರು ನೋಡಿ, ಆಕೆ ಹೇಳಿದ್ದೇ ನಿಜ ಎಂದರು. ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. "ನಾಳೆನೇ ಹೋಗಿ. ನಡುವಿನ ಭಾಗ ಇನ್ನೂ ಚೆನ್ನಾಗಿದೆ. ಅದು ಬಿಡೋದ್ರೊಳಗೆ ಆಪರೇಷನ್ ಆಗ್ಬೇಕು, ಬಿಟ್ಟಮೇಲೆ ಮಾಡಿದ್ರೆ ದೃಷ್ಟಿ ವಾಪಸ್ ಬರೋದು ಕಷ್ಟ" ಎಂದು ನಮ್ಮಿಬ್ಬರ ಮುಖವನ್ನೂ ನೋಡಿ ಹೇಳಿದರು. ನನ್ನ ಎದೆ ಝಲ್ ಎಂದಿತು. ಆಕೆಗೆ ಏನೂ ಆಗಲಿಲ್ಲ. ಬಸ್ಸಿನಲ್ಲಿ ಬರುವಾಗ ನನಗೇ ಸಮಾಧಾನ ಹೇಳಿದಳು.

ಮರುದಿನ ಬೆಳಿಗ್ಗೆ ಅಂಗಡಿಗೆ ರಜೆಯ ಬೋರ್ಡು ಹಾಕಿ ಬಂದೆ. ಚೀಲದಲ್ಲಿ ಎರಡು ಸೀರೆ, ಟವೆಲ್ಲು, ನನ್ನ ಲುಂಗಿ. ಆಕೆ ತಿಂಡಿ ತಿನ್ನುತ್ತ ತಾನು ಇಲ್ಲದಾಗ ಮಕ್ಕಳಿಗೆ ಯಾರು ಕ್ಲಾಸು ತೆಗೆದುಕೊಳ್ಳಬೇಕೆಂದು ಫೋನಿನಲ್ಲಿ ಹೇಳುತ್ತಿದ್ದಳು. ಹೊರಬಂದು ಬಾಗಿಲು ಎಳೆದು ಬೀಗ ಹಾಕಿದೆ. ಬೇರೆ ದಿನವಾಗಿದ್ದರೆ ನಿಲ್ಲದೆ ಓಣಿ ದಾಟಿರುತ್ತಿದ್ದೆವು. ಅವತ್ತು ಎದುರು ಮನೆಯ ಅಜ್ಜಿ ಕೈಯಲ್ಲಿ ವಿಭೂತಿ ಹಿಡಿದುಕೊಂಡು ಬಂದಳು.

"ನಿಂದ್ರವ್ವಾ ಟೀಚರಮ್ಮಾ. ಕಣ್ಣಿನ ಕೆಲಸಕ್ಕ ಹೊಂಟೀರಿ, ಹಣಿಗೊಂದಿಷ್ಟು ಹಚ್ಚತೀನಿ."

"ಹಚ್ಚು ಅಜ್ಜೀ, ಡಾಕ್ಟರಿಗೂ ಒಂದೀಟು ಕೊಡು, ಒಯ್ತೀನಿ" ಎಂದು ಈಕೆ ತಮಾಷೆ ಮಾಡಿ ಹಣೆ ಒಡ್ಡಿ ನಿಂತಳು. ಅಜ್ಜಿಯ ಮಂಡಿ ನೋವು, ಮೊಮ್ಮಗನ ಮದುವೆ, ಎಲ್ಲ ಮಾತು ಬಂತು. ನಾನು "ಬಸ್ಸು ಹೊಕ್ಕೈತಿ, ನಡೀಲೇ" ಎಂದು ಗದರಿದೆ. ಆಕೆ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಗೆ ಬೆನ್ನು ತಿರುಗಿಸಿದಳು. ಆಗ ಬೀಗ ಹಾಕಿದ ಮನೆಯ ಒಳಗಿನಿಂದ ಆಕೆಯದೇ ದನಿ ಬಂತು. "ಕಸ ಹೊಡಿಯಾಕತ್ತೀನಿ, ಕಾಲು ಸರಸ್ರಿ!" ಹಿಂದೆಯೇ ಬ್ರಷ್ಷಿನ ಸರ್ ಸರ್ ಶಬ್ದ, ಒಳಕೋಣೆಯಿಂದ ಹೊಸ್ತಿಲ ಕಡೆಗೆ.

ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ಶಿವನ! ಹೊಂಟೋರ ಬೆನ್ನಿಗೆ ಕಸ ಹೊಡಿಯೋರು ಯಾರವ್ವಾ ಅದು!"

ನಾನು ನಗಲಿಕ್ಕೆ ಬಾಯಿ ತೆರೆದೆ. ಅದು ಯಂತ್ರ ಅಜ್ಜಿ ಅನ್ನಬೇಕೆಂದು ತಿರುಗಿದರೆ, ಹೆಂಡತಿಯ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಅವಳ ಅಂಥ ಮುಖವನ್ನು ನಾನು ಎಂದೂ ಕಂಡಿರಲಿಲ್ಲ, ಹೆರಿಗೆಯ ದಿನವೂ ಕಂಡಿರಲಿಲ್ಲ. "ಬೀಗ ತಗೀರಿ" ಅಂದಳು. ಏನೋ ಮರೆತಿರಬೇಕೆಂದು ತೆಗೆದೆ. ಒಳಗೆ ಹೋಗಿ, ಹೊಸ್ತಿಲ ಹತ್ತಿರ ಬಂದು ನಿಂತಿದ್ದ ನಾದಿನಿಯನ್ನು ದಾಟಿ, ಕುರ್ಚಿಯ ಮೇಲೆ ಕೂತು ಚೀಲ ಕೆಳಗಿಟ್ಟಳು.

"ಇವತ್ತು ಬ್ಯಾಡ್ರಿ."

"ಏನು ಬ್ಯಾಡ?"

"ಹೋಗೋದು ಬ್ಯಾಡ. ಬರೋ ಸೋಮವಾರ ಹೋಗೋಣಂತ."

ನನಗೆ ತಲೆ ತಿರುಗಿತು. "ನೀನ? ನೀ ಹಿಂಗಂತೀಯಾ? ಹುಡುಗ್ರ ಬಾಯಿಗೆ ಗ್ರಹಣದಾಗ ಮಂಡಕ್ಕಿ ತುರುಕಿದಾಕಿ ನೀನ ಹೌದಲ್ಲೋ?" ಎಂದು ಕೂಗಿದೆ. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು, ಅವಳ ಮೇಲೂ ಹರಿಹಾಯ್ದೆ. ಸಿಟ್ಟಿಗೆ ಆ ಯಂತ್ರದ ಬ್ಯಾಟರಿ ಕಿತ್ತು ಹಿತ್ತಿಲಿಗೆ ಎಸೆದೆ. ಆಕೆ ಒಂದೇ ಮಾತು ಅಂದಳು. "ಅದರ ಮ್ಯಾಲೆ ಯಾಕ ಸಿಟ್ಟು? ನಾ ಹೇಳಿದ್ದನ್ನ ಅದು ಮಾಡೈತಿ." ನಾನು ಕಾಲು ಹಿಡಿಯುವುದೊಂದು ಬಾಕಿ. ಬಸ್ಸು ಹೋಯಿತು, ಅದರ ಮುಂದಿನ ಬಸ್ಸೂ ಹೋಯಿತು.

ಮಧ್ಯಾಹ್ನ ಸಿಟ್ಟು ಇಳಿದ ಮೇಲೆ ಪಕ್ಕದಲ್ಲಿ ಹೋಗಿ ಕೂತೆ. ಕೇಳದೇ ಇದ್ದರೂ ತಾನೇ ಹೇಳಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದ್ದೇವೆ, ನನಗೆ ಇದು ಗೊತ್ತಿರಲಿಲ್ಲ.

ಅವಳ ತವರು ಗುಡೇಕೋಟೆ. ಅವಳ ಅವ್ವ ತೀರಿಕೊಂಡಾಗ ಆಕೆ ಇನ್ನೂ ಲಂಗ ಉಡುವ ಹುಡುಗಿ. ಮನೆಯಲ್ಲಿ ದೊಡ್ಡ ಹೆಂಗಸರೆಂದರೆ ದೊಡ್ಡವ್ವ ಒಬ್ಬಳೇ. "ಎತ್ತಿದ ಕೂಡ್ಲೆ ದೊಡ್ಡವ್ವ ನನ್ನ ಕೈಯಾಗ ಕಸಬರಿಗಿ ಕೊಟ್ಲು. ಒಳಗಿಂದ ಹೊರಗ ಹೊಡಿ, ಹಿಂದ ತಿರುಗಬ್ಯಾಡ ಅಂದ್ಲು. ನಾ ಅಳಕೋಂತ ಹೊಡದೆ. ಹೊಸ್ತಿಲಕ್ಕ ಬಂದು ತಲಿ ಎತ್ತಿ ನೋಡಿದ್ರ ಅವ್ವ ಇನ್ನಾ ಓಣ್ಯಾಗ ಇದ್ಲು. ಇನ್ನಾ ಓಣಿ ದಾಟಿದ್ದಿಲ್ಲ. ನಾ ಅಷ್ಟು ಲಗೂನ ಹೊಡದಬಿಟ್ಟಿದ್ದೆ."

ಕಸಬರಿಗೆಯ ಸಲುವಾಗಿ ನನ್ನ ತಾಯಿ ಅಂದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. "ನಂಗ ಗೊತ್ತೈತ್ರಿ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲಂತ. ತಲಿಗೆ ಗೊತ್ತೈತಿ. ಕಾಲು ಏಳ್ವಲ್ಲದು" ಅಂದಳು. "ಸೋಮವಾರ ಖಂಡಿತ ಹೋಗೋಣ" ಅಂತಲೂ ಅಂದಳು.

ಸೋಮವಾರದ ತನಕ ನಾನು ಸುಮ್ಮನೆ ಕೂರಲಿಲ್ಲ. ಮರುದಿನವೇ ಗೆಳೆಯನ ಕಾರು ತಂದು ಬಾಗಿಲಿಗೆ ನಿಲ್ಲಿಸಿದೆ. ಬಂದಳು, ಹೊಸ್ತಿಲಲ್ಲಿ ನಿಂತಳು, ಅತ್ತ ಇತ್ತ ನೋಡಿದಳು, ವಾಪಸ್ಸು ಒಳಗೆ ಹೋದಳು. ಮಗಳಿಂದ ಫೋನು ಮಾಡಿಸೋಣ ಎಂದರೆ "ಆಕೀಗೆ ಹೇಳಬ್ಯಾಡ್ರಿ, ನಗತಾಳ" ಎಂದು ಆಣೆ ಮಾಡಿಸಿಕೊಂಡಳು. ಅದೇ ಅವಳ ಸಂಕಟ. ಕಣ್ಣಿನ ಭಯ ಒಂದು ಕಡೆ, ಈ ನಾಚಿಕೆ ಇನ್ನೊಂದು ಕಡೆ. ಎಲ್ಲರಿಗೂ ಧೈರ್ಯ ಹೇಳಿದವಳು ತಾನೇ ಅಂಜಿದೆನೆಂದು ಯಾರಿಗೆ ಬಾಯಿಬಿಟ್ಟು ಹೇಳಿಯಾಳು? ಅವಳ ಅಂಜಿಕೆಯನ್ನು ಕಂಡು ನನ್ನ ಸಿಟ್ಟೆಲ್ಲ ಕರಗಿತು, ಆದರೆ ಕಣ್ಣು ನಮಗಾಗಿ ಕಾಯಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದವಳು ಎಡಗಡೆಗೆ ಕೈ ಚಾಚಿ ನೀರಿನ ತಂಬಿಗೆ ತಡಕಿದಳು. ತಂಬಿಗೆ ಎಡಮಗ್ಗುಲಿಗೇ ಇತ್ತು, ಕಂಡಿರಲಿಲ್ಲ. "ಪರದಿ ಬಿತ್ರಿ" ಅಂದಳು. ಆಗ ಹೊಸ್ತಿಲೂ ಇಲ್ಲ, ಸೋಮವಾರವೂ ಇಲ್ಲ, ಸಿಕ್ಕ ಗಾಡಿ ಹತ್ತಿ ಹೊರಟೆವು.

ದಾವಣಗೆರೆಯ ಡಾಕ್ಟರು ಒಳ್ಳೆಯ ಮನುಷ್ಯ. ದೀಪ ಹಿಡಿದು ಬಹಳ ಹೊತ್ತು ನೋಡಿದರು. ಹರಪನಹಳ್ಳಿಯ ಚೀಟಿ ತಿರುಗಿಸಿ ನೋಡಿ ಕನ್ನಡಕ ತೆಗೆದರು.

"ಮಾರನೇ ದಿನಾನೇ ಬರ್ಬೇಕು ಅಂತ ಬರೆದಿದ್ದಾರಲ್ಲ. ಇಷ್ಟು ದಿನ ಏನ್ ಮಾಡ್ತಿದ್ರಿ?"

ಆಕೆ ತಲೆ ತಗ್ಗಿಸಿದಳು. ಊರಿನ ಮಕ್ಕಳಿಗೆಲ್ಲ ಕಣ್ಣಿನ ಚಿತ್ರ ಬರೆದು ಪಾಠ ಹೇಳಿದವಳು, ಕಸ ಗುಡಿಸಿದ್ದಕ್ಕೆ ವಾಪಸ್ಸು ಬಂದೆ ಅನ್ನಬೇಕೇ ಆ ಬಿಳಿ ಕೋಟಿನ ಎದುರಿಗೆ? ನನ್ನಿಂದ ನೋಡಲಾಗಲಿಲ್ಲ. "ನಂದ ತಪ್ಪು ಸಾರ್. ಅಂಗಡ್ಯಾಗ ಕೆಲಸ ಭಾಳ ಇತ್ತು, ಬಿಟ್ಟು ಬರಾಕ ಆಗ್ಲಿಲ್ಲ" ಅಂದೆ. ಡಾಕ್ಟರು ನನ್ನನ್ನು ನೋಡಿದ ರೀತಿ ಈಗಲೂ ಮೈಮೇಲೆ ಇದೆ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಆಕೆ ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಳು. ಬಿಡಲೇ ಇಲ್ಲ.

ಆಪರೇಷನ್ ಆಯಿತು. ಪರದೆಯನ್ನು ಮತ್ತೆ ಗೋಡೆಗೆ ಕೂಡಿಸಿದರು. ಮುಖ ಕೆಳಗೆ ಮಾಡಿಯೇ ಮಲಗಬೇಕು ಎಂದರು, ಮಲಗಿದಳು. ಪಟ್ಟಿ ಬಿಚ್ಚಿದ ಮೇಲೆ ಕಿಟಕಿಯ ಬೆಳಕು ಕಂಡಿತು, ಎದುರಿಗೆ ಯಾರೋ ನಿಂತಿರುವುದು ಕಂಡಿತು. ಯಾರು ಎಂಬುದು ಕಾಣಲಿಲ್ಲ. ಇಂದಿಗೂ ಅಷ್ಟೇ. ಅಕ್ಷರ ಓದುವುದು, ಸೂಜಿಗೆ ದಾರ ಹಾಕುವುದು ಎಲ್ಲ ಬಲಗಣ್ಣಿನ ಪಾಲಿಗೆ.

ಡಾಕ್ಟರಿಗೆ ನಾನು ಹೇಳಿದ ಮಾತು ನಮಗಿಂತ ಮೊದಲು ಊರು ಮುಟ್ಟಿತ್ತು. ನೋಡಲು ಬಂದವರೆಲ್ಲ ಅವಳಿಗೆ ಎಳನೀರು, ನನಗೆ ಮಂಗಳಾರತಿ. ಮಗಳು ಹಿರೇಹಡಗಲಿಯಿಂದ ಬಂದವಳು ತಾಯಿಯ ಪಕ್ಕದಲ್ಲಿ ಕೂತು ಅತ್ತಳು. ಆಮೇಲೆ ಹೊರಗೆ ಬಂದು, "ಅಪ್ಪಾ, ಆ ಸುಟ್ಟ ಮೋಟರ್ ಒಂದು ದಿನ ಹಂಗ ಬಿದ್ದಿದ್ರ ಏನಾಗ್ತಿತ್ತು?" ಎಂದು ಕೇಳಿದಳು. ನನ್ನ ಮಗಳು ಕಣ್ರಿ, ನಾನು ಹೆಗಲ ಮೇಲೆ ಕೂಡಿಸಿಕೊಂಡು ಬೆಳೆಸಿದವಳು. ಒಳಗಿನಿಂದ ಆಕೆಗೆ ಈ ಮಾತು ಕೇಳಿಸುತ್ತಿತ್ತು. ಬಾಗಿಲ ಕಡೆ ನೋಡಿದೆ. ಆಕೆ ಗೋಡೆಯ ಕಡೆಗೆ ಹೊರಳಿದಳು. ನನಗೂ ನೋವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಮಾತು ಆಡಿದವನು ನಾನೇ, ತಿರುಗಿ ತೆಗೆದುಕೊಳ್ಳುವುದು ಹೇಗೆ? ಎದುರು ಮನೆಯ ಅಜ್ಜಿಗೆ ಮಾತ್ರ ನಿಜ ಗೊತ್ತು. ಆ ಪುಣ್ಯಾತ್ಮಳು ಎಲ್ಲೂ ತುಟಿ ಬಿಚ್ಚಲಿಲ್ಲ. ತನ್ನ ಬಾಯಿಂದಲೇ ಹಾಳಾಯಿತೆಂದು ಅವಳಿಗೂ ಒಳಗೊಳಗೇ ಇದೆ.

ರಜೆ ಮುಗಿದು ಆಕೆ ಶಾಲೆಗೆ ಹೋಗತೊಡಗಿದಳು. ಮೊದಲಿನ ಹಾಗೆ ಬಂದು ಶಾಲೆಯ ಕತೆ ಹೇಳುವುದಿಲ್ಲ. ಕೇಳಿದರೆ "ಆತು, ಎಲ್ಲ ಚಲೋ ನಡದೈತಿ" ಎನ್ನುತ್ತಾಳೆ. ನಾದಿನಿಯನ್ನು ನಾನೇ ಬ್ಯಾಟರಿ ಇಲ್ಲದೆ ಅಟ್ಟಕ್ಕೆ ಏರಿಸಿದೆ. ಮನೆಯ ಕಸ ಈಗ ನಾನು ಗುಡಿಸುತ್ತೇನೆ, ಸಂಜೆ ಇಬ್ಬರೂ ಒಳಗೆ ಇರುವಾಗ, ದೀಪ ಹಚ್ಚುವುದಕ್ಕೆ ಮೊದಲು. ನೋಡಿದವರು ಪ್ರಾಯಶ್ಚಿತ್ತ ಎನ್ನುತ್ತಾರೆ. ಎನ್ನಲಿ.

ಇತ್ತೀಚೆಗೆ ಶಾಲೆಯ ರೋಬೋಗಳ ಚಾರ್ಜರು ಕೆಟ್ಟವೆಂದು ನನ್ನನ್ನು ಕರೆದಳು. ಅಂಗಡಿ ಮುಚ್ಚಿ ಬೈಕಿನಲ್ಲಿ ಹೋದೆ. ಆಕೆಯ ಕ್ಲಾಸಿನಲ್ಲೇ, ಹಿಂದಿನ ಬೆಂಚಿನ ಹತ್ತಿರ ಕೂತು ಚಾರ್ಜರು ಬಿಚ್ಚಿದೆ. ಹುಡುಗಿಯರು ಮುಂದೆ ನೆಲದ ಮೇಲೆ ಕೂತು ಒಂದು ರೋಬೋಗೆ ಗೋಡೆ ತಪ್ಪಿಸಿ ತಿರುಗುವುದನ್ನು ಕಲಿಸುತ್ತಿದ್ದರು. ಅದು ಆಕೆಯ ಎಡಗಡೆಯಿಂದ ಬಂದು ಕಾಲಿಗೆ ಬಡಿಯಿತು. ಆಕೆಗೆ ಅದು ಬಂದದ್ದು ಕಂಡಿರಲಿಲ್ಲ. ಬಾಗಿ ಎತ್ತಿಕೊಂಡು ನಕ್ಕಳು. ಒಬ್ಬ ಹುಡುಗಿಗೆ ನಗು ಬರಲಿಲ್ಲ.

"ಮೇಡಂ, ಒಂದು ಕೇಳ್ಲ್ಯಾ? ಕಣ್ಣಿಗೆ ಏನಾರ ಆದ್ರ ಒಂದು ದಿನಾನೂ ತಡ ಮಾಡಬಾರ್ದು ಅಂತ ನೀವ ಹೇಳಿದ್ರಲ್ಲ. ಮತ್ತ ನೀವ್ಯಾಕ ತಡ ಮಾಡಿದ್ರಿ?"

ನನ್ನ ಕೈಯಲ್ಲಿನ ಸ್ಕ್ರೂಡ್ರೈವರು ಹಾಗೇ ನಿಂತಿತು. ಹೇಳುತ್ತಾಳೆ ಎಂದುಕೊಂಡೆ. ಡಾಕ್ಟರ ಎದುರಿಗೆ ಆಗದ್ದು ಇಲ್ಲಿ ಆಗುತ್ತದೆ, ಮಕ್ಕಳ ಎದುರಿಗೆ ಈಕೆ ಯಾವತ್ತೂ ಮುಚ್ಚಿಟ್ಟವಳಲ್ಲ ಎಂದುಕೊಂಡೆ. ಹೇಳಲಿ ದೇವರೇ ಎಂದು ಬೇಡಿಕೊಂಡೆ ಕೂಡ. ಆಕೆ ಆ ರೋಬೋವನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ಆಮೇಲೆ ತಲೆ ಪೂರ್ತಿ ತಿರುಗಿಸಿ, ಬಲಗಣ್ಣಿನಿಂದ ನನ್ನನ್ನು ನೋಡಿದಳು.

"ಈ ಸಾರ್‌ಗೆ ಅಂಗಡ್ಯಾಗ ಭಾಳ ಕೆಲಸ ಇತ್ತವ್ವಾ" ಅಂದಳು.

ಅಷ್ಟೂ ಮಕ್ಕಳು ನನ್ನ ಕಡೆ ತಿರುಗಿದರು. "ಹೂನವ್ವಾ, ಇತ್ತು" ಅಂದೆ.

"ನಮ್ಮಪ್ಪನೂ ಹಿಂಗ ಅದಾನ ಮೇಡಂ" ಎಂದಳು ಆ ಹುಡುಗಿ. ಎಲ್ಲರೂ ನಕ್ಕರು. ಮತ್ತೆ ಗೋಡೆ, ಮತ್ತೆ ತಿರುವು, ಕ್ಲಾಸು ನಡೆಯಿತು.

ಸಂಜೆ ಇಬ್ಬರೂ ಬೈಕಿನಲ್ಲಿ ಬಂದೆವು. ಊರು ಬಿಟ್ಟು ಸ್ವಲ್ಪ ದೂರದಲ್ಲಿ ಕುರಿಮಂದೆ ರಸ್ತೆ ದಾಟುತ್ತಿತ್ತು. ಎಂಜಿನ್ ಬಂದ್ ಮಾಡಿ ಕಾಲು ಊರಿ ನಿಂತೆ. ಹಿಂದಿನಿಂದ ಆಕೆ ಮಾತಾಡಿದಳು.

"ನೀವಾದ್ರೂ ಅಲ್ಲ ಅನ್ನಬೇಕಿತ್ರಿ."

"ಏನ್ ಹುಚ್ಚಿ ನೀನು? ಹುಡುಗ್ರ ಮುಂದ ನಿನ್ನ ಮಾತು ಸುಳ್ಳು ಅಂತ ಹೆಂಗ ಅನ್ಲಿ?"

"ಅಂದಿದ್ರ ಹೇಳಿಬಿಡ್ತಿದ್ದೆ. ಬಾಯಿ ತನಕ ಬಂದಿತ್ತು." ಕುರಿಗಳ ಗದ್ದಲದಲ್ಲಿ ದನಿ ಸರಿಯಾಗಿ ಕೇಳಲಿಲ್ಲ, ಬಾಗಿ ನನ್ನ ಕಿವಿಯ ಹತ್ತಿರ ಬಂದಳು. "ನೀವು ನನ್ನ ಉಳಿಸ್ತೀರಿ ಅಂತ ಗೊತ್ತಿತ್ತು ನೋಡ್ರಿ, ಅದಕ್ಕ ನಿಮ್ಮ ಕಡಿ ನೋಡಿದೆ. ನೋಡಬಾರ್ದಿತ್ತು. ಆ ಹುಡುಗಿ ನಾಳೆ ಯಾತಕ್ಕಾರ ಅಂಜಿ ನಿಂತ್ರ, ಮೇಡಂನೂ ಅಂಜಿದ್ರು, ಅಂಜಿ ಕಣ್ಣು ಕಳಕೊಂಡ್ರು ಅಂತ ಆಕೀಗೆ ಯಾರು ಹೇಳಬೇಕು?"

ತಿರುಗಿ ಹೋಗೋಣವೇ ಎಂದು ಕೇಳಿದೆ. ಶಾಲೆ ಬಿಟ್ಟಿರ್ತೈತಿ ಅಂದಳು. ಕೊನೆಯ ಕುರಿ ದಾಟುವ ತನಕ ಇಬ್ಬರೂ ಹಾಗೇ ಕೂತಿದ್ದೆವು.